ಚರ್ಮದಲ್ಲಿ ಬಂದ ಇಂಗು

ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸದೆ ನಾನು ಅದನ್ನು ಅಡುಗೆಮನೆಗೆ ಕೊಟ್ಟವನಲ್ಲ. ಹೊಸ ಇಂಗು ತಂದ ದಿನವಂತೂ ನಮ್ಮ ಜಗಲಿಯಲ್ಲಿ ದೊಡ್ಡ ಪರೀಕ್ಷೆಯೇ ನಡೆಯುತ್ತದೆ. ಒಂದು ಚೂರನ್ನು ನೀರಿಗೆ ಹಾಕಿ ಹಾಲಿನ ಬಣ್ಣ ಬರುತ್ತದೋ ಎಂದು ನೋಡುತ್ತೇನೆ. ಇನ್ನೊಂದು ಚೂರನ್ನು ದೀಪಕ್ಕೆ ಹಿಡಿದು ಕರ್ಪೂರದ ಹಾಗೆ ಉರಿಯುತ್ತದೋ ಎಂದು ನೋಡುತ್ತೇನೆ. ಮತ್ತೊಂದನ್ನು ನಾಲಿಗೆಯ ಮೇಲಿಟ್ಟುಕೊಂಡು, ಕಹಿ ಎಷ್ಟು ಹೊತ್ತು ನಿಲ್ಲುತ್ತದೆಂದು ಮುಖ ಕಿವುಚಿಕೊಂಡು ಕಾಯುತ್ತೇನೆ. ಇಷ್ಟು ಮುಗಿಯುವ ಹೊತ್ತಿಗೆ ತಂದದ್ದರಲ್ಲಿ ಕಾಲುಪಾಲು ಪರೀಕ್ಷೆಗೇ ಸಂದಿರುತ್ತದೆ. "ನೀನ್ ಇಂಗ್ ತಪ್ಪುದ್ ಹುಳಿಗೆ ಹಾಕುಕಾ, ಪರೀಕ್ಷೆ ಮಾಡುಕಾ?" ಎಂದು ಪದ್ದತ್ತೆ ಒಳಗಿನಿಂದ ಕೇಳುತ್ತಾಳೆ. ಪದ್ದತ್ತೆ ಎಂದರೆ ನನ್ನ ತಂದೆಯ ಅಕ್ಕ. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮ ಅಡುಗೆಮನೆಯ ಮಡಿಗೂ ನನ್ನ ನಡತೆಗೂ ಅವಳೇ ಮೇಲ್ವಿಚಾರಕಿ.

ಸಂಶಯ ನಮ್ಮ ಮನೆಗೆ ಪಿತ್ರಾರ್ಜಿತ ಆಸ್ತಿ. ತಂದೆಯವರು ಸಾಲಿಗ್ರಾಮದಲ್ಲೇ ಹುಟ್ಟಿ ಸಾಲಿಗ್ರಾಮದಲ್ಲೇ ತಲೆ ನೆರೆದವರು. ಆದರೂ ಕುಂದಾಪುರಕ್ಕೆ ಹೋಗಿ ಬರುವಾಗ, "ಇದ್ ಸಾಲಿಗ್ರಾಮವೇ ಅಲ್ದಾ?" ಎಂದು ಕಂಡಕ್ಟರನನ್ನು ಕೇಳಿಯೇ ಬಸ್ಸಿನಿಂದ ಕಾಲು ಕೆಳಗಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗದ್ದೆ, ಬಾವಿ, ಪದ್ದತ್ತೆ, ಮದುವೆಗಿದ್ದ ತಂಗಿ ನಾಗು ಎಲ್ಲರೂ ಎಲ್ಲವೂ ನನ್ನ ಪಾಲಿಗೆ ಬಂದ ಹಾಗೆ ಸಂಶಯವೂ ಬಂತು. ಯುದ್ಧ ಮುಗಿಯಿತೆಂದು ಪತ್ರಿಕೆಯಲ್ಲಿ ಓದಿದ್ದೇನೆ. ಸೀಮೆಎಣ್ಣೆಗೆ ಇನ್ನೂ ಸಾಲು ನಿಲ್ಲಬೇಕಾಗಿರುವುದರಿಂದ ನಾನು ಅದನ್ನೂ ಪೂರ್ತಿ ನಂಬಿಲ್ಲ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎಂಬ ಗಾದೆಯನ್ನು ನೀವೂ ಕೇಳಿದ್ದೀರಿ. ಮಂಗನ ಕೈಯಡುಗೆ ಹೇಗಿರುತ್ತದೋ ನಾನರಿಯೆ, ಆದರೆ ಈ ಗಾದೆ ಕಟ್ಟಿದವನ ಮೇಲೆ ನನಗೆ ಬಹಳ ಕಾಲದಿಂದ ಗುಮಾನಿ. ತೆಂಗು ಸರಿ, ಹಿತ್ತಿಲಿನದು. ಕೈ ಚಾಚಿದರೆ ಸಿಕ್ಕುವುದಿಲ್ಲವಾದರೂ ತಲೆ ಎತ್ತಿದರೆ ಕಾಣುತ್ತದೆ. ಇಂಗು ಎಲ್ಲಿಯದು? ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಹಿತ್ತಿಲಲ್ಲಾದರೂ ಇಂಗಿನ ಗಿಡ ಕಂಡವರುಂಟೇ? ಒಡಹುಟ್ಟಿದವರ ಹೆಸರು ಹೇಳುವ ಹಾಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಗಾದೆಯವನು ನಮ್ಮ ಕಣ್ಣಿಗೆ ಮಣ್ಣೆರಚಿದ್ದಾನೆ. ತಿಳಿದವರು ಹೇಳುವ ಪ್ರಕಾರ ಅದು ಕಾಬೂಲು, ಖೊರಾಸಾನಿನ ಕಡೆಯ ಬೋಳು ಗುಡ್ಡಗಳಲ್ಲಿ ಬೆಳೆಯುವ ಒಂದು ಗಿಡದ ಬೇರಿನ ಹಾಲು. ಅಲ್ಲಿಯ ಜನ ಬೇರನ್ನು ಗೀರಿ, ಒಸರಿದ್ದನ್ನು ಕೆರೆದು ಕೂಡಿಸಿ, ಒಂಟೆಯ ಮೇಲೆ ಹೇರಿ ಸಮುದ್ರದ ದಂಡೆಗೆ ಇಳಿಸುತ್ತಾರಂತೆ. ಒಂಟೆಯನ್ನು ಚಿತ್ರದಲ್ಲಲ್ಲದೆ ಕಂಡಿಲ್ಲದ ನಮ್ಮ ಊರಿನಲ್ಲಿ, ಇಂಗಿಲ್ಲದ ಸಾರನ್ನು ಸಾರು ಎಂದು ಯಾರೂ ಒಪ್ಪುವುದಿಲ್ಲ.

ಯಾವ ಸಾಮಾನು ಎಲ್ಲಿಂದ ಬರುತ್ತದೆ ಎಂಬುದು ಅದು ಬರುವಷ್ಟು ದಿನ ಯಾರಿಗೂ ಬೇಡ. ಯುದ್ಧ ಶುರುವಾದ ಮೇಲೆ ನಮಗೆಲ್ಲ ಭೂಗೋಳದ ಪಾಠವಾಯಿತು. ರಂಗೂನಿನ ಅಕ್ಕಿ ನಿಂತಾಗ ರಂಗೂನು ಎಲ್ಲಿದೆ ಎಂದು ಗೊತ್ತಾಯಿತು. ದೇವಸ್ಥಾನದಲ್ಲಿ ಕರ್ಪೂರ ಮಾಯವಾದಾಗ, ಅದು ಇಷ್ಟು ವರ್ಷ ಜಪಾನಿನ ಕಡೆಯಿಂದ ಬರುತ್ತಿತ್ತೆಂಬ ಸುದ್ದಿ ಹೊರಬಿತ್ತು. "ಹಾಂಗಾರೆ ಇಷ್ಟ್ ದಿನ ನಾವ್ ಶತ್ರುವಿನ ಕರ್ಪೂರ ಹಚ್ಚಿದ್ದಾ?" ಎಂದು ಅರ್ಚಕರು ಪೆಚ್ಚಾಗಿ ಕೇಳಿದರು. ದೇವರು ಮಾತ್ರ ತುಪ್ಪದ ಬತ್ತಿಯಲ್ಲೇ ಮಂಗಳಾರತಿ ಮಾಡಿಸಿಕೊಂಡ. ಇಂಗೂ ಹಾಗೆಯೇ ಕುಂದಾಪುರದ ಅಂಗಡಿಗಳಿಂದ ಮೆಲ್ಲಗೆ ಮರೆಯಾಗತೊಡಗಿತು. ಸಿಕ್ಕಿದ್ದು ಗೋದಿಹಿಟ್ಟೋ, ಅಂಟೋ, ಇಂಗಿನ ಪಕ್ಕದಲ್ಲಿ ಕೂತೆದ್ದು ಬಂದ ಕಲ್ಲುಹರಳೋ, ದೇವರಿಗೇ ಗೊತ್ತು.

ಅಂಥ ಕಾಲದಲ್ಲಿ ನಮ್ಮ ನಾಗುವಿನ ಮದುವೆ ನಿಶ್ಚಯವಾಯಿತು. ಹುಡುಗ ಕೊಕ್ಕರ್ಣೆಯವನು, ಒಳ್ಳೆಯ ಮನೆ, ಸಾಕಷ್ಟು ಬೇಸಾಯ. ಒಂದೇ ಒಂದು ತೊಡಕು ಎಂದರೆ ಹುಡುಗನ ದೊಡ್ಡಪ್ಪ ಸುಬ್ರಾಯ ಹೇರ್ಳೆಯವರು. ಆ ಮನೆಯಲ್ಲಿ ಅವರ ಮಾತೇ ಕೊನೆಯದು. ಸಂಶಯದಲ್ಲಿ ನಾನು ಹೊಳೆಯಾದರೆ ಅವರು ಸಮುದ್ರ. ನೀರು ಕೊಟ್ಟರೆ ಲೋಟ ಮೂಸುವರು, ಮಣೆ ಹಾಕಿದರೆ ಮಗುಚಿ ನೋಡುವರು, ಜಾತಕ ಕೊಟ್ಟರೆ ಬರೆದವನ ಜಾತಕ ಕೇಳುವರು. ನಾಗುವಿಗೆ ಅದಕ್ಕೆ ಮೊದಲು ಬಂದ ಸಂಬಂಧವೊಂದು ಇಂಥದೇ ಒಬ್ಬ ಹಿರಿಯರ ಗೊಣಗಾಟದಿಂದ ಮುರಿದುಹೋಗಿತ್ತು. ಇದೂ ತಪ್ಪಿದರೆ, ದಿಬ್ಬಣ ತಿರುಗಿಹೋದ ಮನೆ ಎಂಬ ಹೆಸರು ಬಂದು, ಮತ್ತೆ ಯಾರೂ ನಮ್ಮ ಅಂಗಳ ತುಳಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹುಡುಗ ನೋಡಲು ಬಂದ ದಿನದಿಂದ ನಾಗು ಕೆಲಸ ಮಾಡುತ್ತ ಹಾಡು ಗುನುಗುವುದನ್ನು ಹಿಡಿದಿದ್ದಳು. ಆ ಗುನುಗು ನಿಂತುಹೋದೀತೆಂಬ ಹೆದರಿಕೆ ನನಗೆ ಹಗಲಿರುಳು ಇತ್ತು.

ಹೇರ್ಳೆಯವರು ಊಟಕ್ಕೆ ಕುಳಿತರೆ ಮೊದಲು ಹುಳಿ ಮೂಸುತ್ತಾರೆ, ಕಲಬೆರಕೆ ಇಂಗನ್ನು ಎಲೆಯ ಮುಂದೆಯೇ ಹಿಡಿದು ಜರೆಯುತ್ತಾರೆ ಎಂದು ಸುದ್ದಿ ಇತ್ತು. ಆದ್ದರಿಂದ ನಾನು ಒಂದು ಶಪಥ ಮಾಡಿದೆ. ಅಂಗಡಿಯ ಇಂಗು ಬೇಡ. ಅಂಗಡಿಯವನಿಗೆ ಕೊಟ್ಟವನ ಇಂಗೂ ಬೇಡ. ಎಲ್ಲಿಯವರೆಗೆ ಹೋಗಲು ಸಾಧ್ಯವೋ ಅಲ್ಲಿಯವರೆಗೆ ಮೂಲಕ್ಕೆ ಹೋಗಿ ತರಬೇಕು. ಋಷಿಮೂಲ, ನದೀಮೂಲ ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಇಂಗಿನ ಮೂಲದ ವಿಷಯ ಅವರು ಏನೂ ಹೇಳಿಲ್ಲವಲ್ಲ ಎಂದು ನಾನು ಧೈರ್ಯ ತಂದುಕೊಂಡೆ.

ಮುಂಬಯಿಯಿಂದ ಖರ್ಜೂರ, ಉಪ್ಪು ಹೇರಿಕೊಂಡು ಗಂಗೊಳ್ಳಿಗೆ ಒಂದು ಮಂಜಿ ಬಂದಿದೆ ಎಂದು ತಿಳಿಯಿತು. ಹೊಗೆ ಹಡಗುಗಳನ್ನೆಲ್ಲ ಯುದ್ಧ ಎಳೆದುಕೊಂಡಿದ್ದರಿಂದ ನಮ್ಮ ಹಳೆಯ ಹಾಯಿಯ ಮಂಜಿಗಳಿಗೆ ಆಗ ಮತ್ತೆ ಪ್ರಾಯ ಬಂದಿತ್ತು. ಕುಂದಾಪುರದಿಂದ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಅದನ್ನು ನಡೆಸುವ ತಂಡೇಲನನ್ನು ಕಂಡೆ. ನನ್ನ ಪ್ರಶ್ನೆಗಳನ್ನೆಲ್ಲ ಅವನು ತಾಳ್ಮೆಯಿಂದ ಕೇಳಿದ. ಕೊನೆಗೆ, "ಹ್ವಾಯ್ ಅಯ್ಯ, ನಿಮ್ಗೆ ಕಟ್ಟ್ ಬಿಚ್ಚಿದ್ ಬೇಕಾ, ಬಿಚ್ಚದೆ ಇದ್ದದ್ ಬೇಕಾ?" ಎಂದ. ಬಿಚ್ಚಿದ್ದೆಂದರೆ ಬೆರೆಸಿದ್ದು ಎಂದು ನನ್ನ ಪಿತ್ರಾರ್ಜಿತ ಬುದ್ಧಿ ಕೂಡಲೇ ಹೇಳಿತು. "ಬಿಚ್ಚದೆ ಇದ್ದದ್ದೇ" ಎಂದೆ. ಅವನು ಗೋಣಿಯಲ್ಲಿ ಸುತ್ತಿದ ಒಂದು ಗಂಟನ್ನು ತಂದುಕೊಟ್ಟು, ಸ್ವಲ್ಪ ದೂರ ಸರಿದು ನಿಂತ.

ಯಾಕೆ ಸರಿದನೆಂದು ಬಸ್ಸು ಹತ್ತಿದ ಮೇಲೆ ಗೊತ್ತಾಯಿತು. ಅದು ಇದ್ದಿಲು ಉರಿಸಿ ಓಡಿಸುವ ಯುದ್ಧಕಾಲದ ಬಸ್ಸು, ತನ್ನದೇ ಒಂದು ವಾಸನೆ ಉಳ್ಳದ್ದು. ನನ್ನ ಗಂಟು ಅದನ್ನು ಗೆದ್ದಿತು. ಮುಂದಿನ ಸೀಟಿನವರು ಹಿಂದಿನವರನ್ನು ನೋಡಿದರು; ಹಿಂದಿನವರು ಪಕ್ಕದವರನ್ನು ನೋಡಿದರು. ಒಬ್ಬ ಹೆಂಗಸು ತನ್ನ ಕೂಸನ್ನೇ ಎತ್ತಿ ಪರೀಕ್ಷಿಸಿದಳು. ಇಡೀ ಬಸ್ಸಿನಲ್ಲಿ ಯಾರ ಮೇಲೂ ಸಂಶಯಪಡದೆ ಕುಳಿತವನು ನಾನೊಬ್ಬನೇ. ಅದರಿಂದಲೇ ಎಲ್ಲರಿಗೂ ನನ್ನ ಮೇಲೆ ಸಂಶಯ ಬಂತು.

ಮನೆಗೆ ಬಂದು ಹಿತ್ತಿಲಿನ ಹಲಸಿನ ಮರದ ಬುಡದಲ್ಲಿ ಗೋಣಿ ಬಿಚ್ಚಿದೆ. ಒಳಗೆ ಇದ್ದದ್ದು ಆಡಿನ ಚರ್ಮ. ಸುಮ್ಮನೆ ಚರ್ಮವಲ್ಲ, ಕಂದುಬಣ್ಣದ ರೋಮ ಇನ್ನೂ ಅಲ್ಲಲ್ಲಿ ಉಳಿದ ಚರ್ಮ. ಅದನ್ನು ಚೀಲದ ಹಾಗೆ ಹೊಲಿದು, ಹಸಿ ಇರುವಾಗಲೇ ಇಂಗು ತುಂಬಿ, ಎರಡೂ ಸೇರಿ ಒಣಗಿ ಒಂದೇ ಆಗಿಬಿಟ್ಟಿತ್ತು. ಪದ್ದತ್ತೆ ಎರಡು ಹೆಜ್ಜೆ ಹಿಂದೆ ಹೋಗಿ, "ಅಯ್ಯಯ್ಯೋ ಶಿವನೇ, ಎಂತ ತಂದಿಯೋ ಮಾರಾಯ!" ಎಂದು ಸೆರಗು ಬಾಯಿಗೆ ಹಿಡಿದಳು. ಮದುವೆಯ ಅಡುಗೆಗೆ ಗೊತ್ತುಮಾಡಿದ್ದ ಅಣ್ಣಪ್ಪಯ್ಯನೂ ಅಲ್ಲೇ ಇದ್ದ. ಅವನು ಬಾಗಿ ಒಮ್ಮೆ ಉಸಿರೆಳೆದುಕೊಂಡ, ಅವನ ಕಣ್ಣಲ್ಲಿ ನೀರು ಬಂತು. ಅದು ಘಾಟಿಗೆ ಬಂದದ್ದೋ ಸಂತೋಷಕ್ಕೆ ಬಂದದ್ದೋ ಹೇಳಲಾರೆ. "ಇಂಥಾ ಇಂಗ್ ಕಾಣ್ದೆ ಎಷ್ಟ್ ಕಾಲ ಆಯ್ತ್!" ಎಂದ.

ಪದ್ದತ್ತೆ ಬಾಯಿಯ ಸೆರಗು ತೆಗೆಯದೆಯೇ ಚರ್ಮದ ಸುತ್ತ ಒಂದು ಸುತ್ತು ಬಂದಳು. ಆಮೇಲೆ, "ಚರ್ಮ ಹೊರಗೇ ತೆಗಿ. ಒಳಗಿಂದ್ ಮಾತ್ರ ಬಾಳೆಲಿ ಮೇಲೆ ಹಾಕಿ ಕೊಡ್. ನಾನ್ ಎಂತದೂ ಕಂಡಿದಿಲ್ಲೆ," ಎಂದು ತೀರ್ಪು ಕೊಟ್ಟಳು. ನಾನು ಕತ್ತಿ ತಂದು ಕೆರೆಯಲು ಕುಳಿತೆ. ಇಂಗು ಸುಲಭವಾಗಿ ಬಿಡುವ ಜಾತಿಯಲ್ಲ. ಒಂದು ಮಗ್ಗುಲು ಬಿಡಿಸುವಷ್ಟರಲ್ಲಿ ಬೇಲಿಯ ತಡಮೆ ಕಿರುಗುಟ್ಟಿತು.

ಹೇರ್ಳೆಯವರು! ಮದುವೆಗೆ ಇನ್ನೂ ಎರಡು ದಿನ ಇತ್ತು. ಏರ್ಪಾಟು ನೋಡಿಕೊಂಡು, ಹತ್ತಿರದ ನೆಂಟರ ಮನೆಯಲ್ಲಿ ಉಳಿಯಲು ಮುಂಚಿತವಾಗಿ ಬಂದಿದ್ದರು. ಎದುರು ಬಾಗಿಲಿನಿಂದ ಬಂದವನು ತೋರಿಸಿದ್ದನ್ನು ಮಾತ್ರ ನೋಡಬೇಕಾಗುತ್ತದೆ ಎಂಬುದು ಸಂಶಯಗಾರರಿಗೆಲ್ಲ ಗೊತ್ತು. ಆದ್ದರಿಂದ ಅವರು ಹಿತ್ತಿಲಿನಿಂದ ಬಂದರು. ನನ್ನ ಕೈಯ ಕತ್ತಿಯನ್ನೂ, ಚರ್ಮವನ್ನೂ, ರೋಮವನ್ನೂ ಒಂದೊಂದಾಗಿ ನೋಡಿ, "ಇದ್ ಎಂತ?" ಎಂದರು.

"ಇಂಗು," ಎಂದೆ. ಇಂಗು ತಿಂದ ಮಂಗನ ಹಾಗೆ ಎನ್ನುತ್ತಾರಲ್ಲ, ಆ ಮುಖ ಹೇಗಿರುತ್ತದೆಂದು ಅಂದು ನಮ್ಮ ಹಿತ್ತಿಲಿಗೆ ಬಂದವರು ನೋಡಬಹುದಿತ್ತು.

ಅವರು ಜಗಲಿಗೆ ಬಂದು ಕುಳಿತರು, ನೀರು ಸಹ ಮುಟ್ಟಲಿಲ್ಲ. "ಆ ಚರ್ಮದ್ ವಸ್ತು ಅಡುಗಿಮನಿ ಹೊಸ್ಲ್ ದಾಂಟಿತು ಅಂದ್ರೆ, ನಮ್ಮ ದಿಬ್ಬಣ ಮಾಬುಕಳದ ಹೊಳೆ ದಾಂಟುದಿಲ್ಲೆ," ಎಂದು ಹೇಳಿ ಎದ್ದುಹೋದರು. ಒಳಗೆ ಅರೆಯುವ ಕಲ್ಲಿನ ಸದ್ದೂ ನಿಂತಿತು, ನಾಗುವಿನ ಗುನುಗೂ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಬಾಗಿಲಿಗೆ ಬಂದು, "ಅಣ್ಣಯ್ಯ, ಊರವ್ರೆಲ್ಲ ತಿಂಬ ಇಂಗ್ ನಮ್ಗ್ ಸಾಕಾಯ್ತಿಲ್ಯಾ? ಅಷ್ಟ್ ಶುದ್ಧದ್ ತಾ ಅಂದೇಳಿ ನಿನ್ನ್ ಯಾರ್ ಕೇಳಿರ್?" ಎಂದಳು. ಅವಳು ಅತ್ತಿದ್ದರೆ ನಾನು ಏನಾದರೂ ಸಮಾಧಾನ ಹೇಳುತ್ತಿದ್ದೆ. ಅಳದೆ ಕೇಳಿದ್ದರಿಂದ ಎದೆಗೆ ತಟ್ಟಿತು. ತಂದೆ ಇಲ್ಲದ ಹುಡುಗಿಯ ಮದುವೆಯನ್ನು ಒಂದು ಆಡಿನ ಚರ್ಮಕ್ಕೆ ಸಿಕ್ಕಿಸಿ ಕೂತೆನಲ್ಲ ಎಂದು ನನ್ನನ್ನೇ ಶಪಿಸಿಕೊಂಡೆ.

ಆ ಸಂಜೆ ಮದುವೆಗೆಂದು ತರಿಸಿದ್ದ ಅಕ್ಕಿಮುಡಿಗಳಿಗೆ ಬೆನ್ನುಕೊಟ್ಟು ಕುಳಿತಿದ್ದೆ. ಸಂಕಟ ಬಂದಾಗ ಜನ ವೆಂಕಟರಮಣನನ್ನು ನೆನೆಯುತ್ತಾರೆ. ನನಗೆ ಯಾಕೋ ಬಸರೂರು ನೆನಪಾಯಿತು. ಈಗ ನೋಡಿದರೆ ಹೊಳೆಯ ದಂಡೆಯ ಒಂದು ಬಡ ಊರು. ಆದರೆ ಹಿಂದೆ ಅಲ್ಲಿ ಅರಬಸ್ಥಾನದ, ಪಾರಸಿಯ ಹಡಗಿನವರು ಬಂದು ಇಳಿಯುತ್ತಿದ್ದರಂತೆ. ಬಾರಕೂರಿನಲ್ಲೂ ಹಾಗೆಯೇ. ಕೇರಿಗೊಂದು ಕಸುಬು, ಕೇರಿಗೊಂದು ಗುಡಿ, ಮತ್ತು ಪರದೇಶದ ವರ್ತಕರಿಗೆ ಹಂಜಮಾನ ಎಂದು ಅವರದೇ ಒಂದು ಕೂಟ. ಅವರ ಕುದುರೆ, ತಾಮ್ರ, ಖರ್ಜೂರ ಇಲ್ಲಿಗೆ ಬಂದರೆ, ನಮ್ಮ ಅಕ್ಕಿ, ಮೆಣಸು ಪಾರಸಿಯ ಬಂದರು ಹೊರ್ಮುಜಿನ ವರೆಗೆ ಹೋಗುತ್ತಿತ್ತು. ಇನ್ನೂ ಮೂಡಲಿನಿಂದ ಲವಂಗ, ಜಾಯಿಕಾಯಿ, ಚೀನದ ಪಟ್ಟೆ. ನಮ್ಮ ಪದ್ದತ್ತೆ ಮಡಿ ಮಡಿ ಎಂದು ಉಟ್ಟುಕೊಳ್ಳುವ ಪಟ್ಟೆಯ ಮೂಲವನ್ನು ಹುಡುಕಿಕೊಂಡು ಹೊರಟರೆ ಎಲ್ಲಿಗೆ ಹೋಗಿ ಮುಟ್ಟಬೇಕಾದೀತೋ! ನಾನು ಅವಳಿಗೆ ಇದನ್ನು ಹೇಳಿಲ್ಲ. ನನಗೂ ಊಟ ಬೇಕಲ್ಲ.

ಆ ಕಾಲದ ವ್ಯಾಪಾರವೆಲ್ಲ ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತಿತ್ತೆಂದು ಹೇಳುವವರುಂಟು. ಹಾಗೆ ಹೇಳುವವರನ್ನು ನಾನು ನಂಬುವುದಿಲ್ಲ. ನಂಬಿದ್ದರೆ ಅಷ್ಟು ದೂರ ಯಾರು ಬರುತ್ತಿದ್ದರು? ಮನೆಯಲ್ಲೇ ಕುಳಿತು ಹೇಳಿಕಳಿಸುತ್ತಿದ್ದರು. ಸಂಶಯವಿದ್ದುದರಿಂದಲೇ ಖುದ್ದಾಗಿ ಬಂದು, ಮುಟ್ಟಿ, ಮೂಸಿ, ಕಚ್ಚಿ ನೋಡಿ, ಮಳೆಗಾಲಕ್ಕೆ ಸಿಕ್ಕಿಬಿದ್ದು, ಗಾಳಿ ತಿರುಗುವ ತನಕ ಇಲ್ಲೇ ಉಳಿದು, ಇಲ್ಲಿಯ ಮಾತು ಕಲಿತರು. ಬಸರೂರಿನ ನಮ್ಮ ಸೆಟ್ಟಿ ಅವರ ಇಂಗಿನ ಚರ್ಮ ಕಂಡು ಮೂಗು ಮುಚ್ಚಿಕೊಂಡಿರಬೇಕು. ಒಳಗಿನದನ್ನು ಹಡಗು ನಿಲ್ಲುವ ದಕ್ಕೆಯಲ್ಲೇ ಬಿಡಿಸಿಕೊಂಡು, ಬಾಳೆಲೆಯಲ್ಲಿ ಕಟ್ಟಿ, ಊರೊಳಗೆ ಅದರ ಹುಟ್ಟಿನ ಬಗ್ಗೆ ಚಕಾರ ಎತ್ತದೆ ಮಾರಿರಬೇಕು. ನಮ್ಮ ಅಜ್ಜಿಯಂದಿರಿಗೆ ಇಂಗು ಯಾವಾಗಲೂ ಡಬ್ಬಿಯಲ್ಲೇ ಹುಟ್ಟುತ್ತಿತ್ತು. ಯುದ್ಧವು ನಡುವಿನ ವ್ಯಾಪಾರಿಗಳ ಕೈಗಳನ್ನೆಲ್ಲ ಕಿತ್ತುಹಾಕಿತು, ನನ್ನ ಅತಿಬುದ್ಧಿ ಉಳಿದದ್ದನ್ನೂ ದಾಟಿತು. ಹೀಗಾಗಿ ಸೆಟ್ಟಿಯ ದಕ್ಕೆಯಲ್ಲಿ ಕಳಚಬೇಕಾದ ಚರ್ಮ ನೇರವಾಗಿ ನಮ್ಮ ಹಲಸಿನ ಬುಡಕ್ಕೆ ಬಂತು.

ಅಷ್ಟರಲ್ಲಿ ಬೆನ್ನಿಗೆ ಏನೋ ಚುಚ್ಚಿ ತಿರುಗಿ ನೋಡಿದರೆ, ಮುಡಿಯ ಹುಲ್ಲು. ನಾವು ಅಕ್ಕಿಯನ್ನು ಬತ್ತದ ಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಲ್ಲೇ ಬಿಗಿದು, ಉಂಡೆ ಕಟ್ಟಿ ಇಡುತ್ತೇವಷ್ಟೆ. ಹೊರ್ಮುಜಿಗೆ ಹೋದ ಅಕ್ಕಿಯೂ ಹೀಗೆಯೇ ಹೋಗಿದ್ದರೆ? ಅಲ್ಲಿಯ ಯಾವನೋ ಒಬ್ಬ ಹೇರ್ಳೆ ತನ್ನ ಮಗಳ ಮದುವೆಯ ದಿನ ಅದನ್ನು ಕಂಡು, "ಇದ್ ದನ ತಿಂಬ ಹುಲ್ಲ್ ಅಲ್ದಾ? ನಮ್ಗೆ ದನದ್ ಮೇವ್ ಕಳ್ಸಿದ್ರಾ?" ಎಂದು ಗಡ್ಡ ಕುಣಿಸಿ ಎದ್ದು ನಿಂತಿರಬೇಕು! ಅವನನ್ನು ಯಾರು ಸಮಾಧಾನ ಮಾಡಿದರೋ, ಹೇಗೆ ಮಾಡಿದರೋ ತಿಳಿದಿದ್ದರೆ ನನಗೆ ಆ ಸಂಜೆ ಬಹಳ ಉಪಕಾರವಾಗುತ್ತಿತ್ತು.

ಮರುದಿನ, ಮದುವೆಯ ಮುನ್ನಾದಿನದ ನಾಂದಿಯ ಊಟ. ಅಣ್ಣಪ್ಪಯ್ಯ ಬೇರೆ ದಾರಿಯಿಲ್ಲದೆ ಇಂಗಿಲ್ಲದ ಅಡುಗೆ ಮಾಡಿದ. ಹುಳಿ ಇತ್ತು, ಸಾರಿತ್ತು, ಬಣ್ಣವೆಲ್ಲ ಸರಿ ಇತ್ತು. ಪಂಕ್ತಿಯಲ್ಲಿ ಮೊದಲ ತುತ್ತು ಬಾಯಿಗೆ ಹೋದೊಡನೆ ಮಾತು ನಿಂತಿತು. ಸಾವಿನ ಮನೆಯಲ್ಲೂ ಇಷ್ಟು ಮೌನವಾಗಿ ಯಾರೂ ಉಣ್ಣುವುದಿಲ್ಲ. ಹೇರ್ಳೆಯವರು ಮೂಸಿದರು, ಮತ್ತೆ ಮೂಸಿದರು. ಎಂಥದೂ ಸಿಕ್ಕಲಿಲ್ಲ. ಸಂಶಯಗಾರನಿಗೆ ವಾಸನೆ ಸಿಕ್ಕಿದರೆ ಒಂದೇ ಸಂಶಯ. ಏನೂ ಸಿಕ್ಕದಿದ್ದರೆ ನೂರು. "ಗಂಡಿನ್ ಕಡೆಯವ್ರಿಗೆ ಅಂದೇಳಿ ಬೇಕಂತ್ಲೇ ಹೀಂಗ್ ಮಾಡ್ಸಿದ್ರಾ? ಇದ್ ಹುಳಿಯಾ, ಹಂಡೆ ನೀರಾ?" ಎಂದು ಕೈತೊಳೆದು ಎದ್ದರು. ಕೊಕ್ಕರ್ಣೆಗೆ ಆಳು ಕಳಿಸಿ, ದಿಬ್ಬಣ ಹೊರಡಿಸಬೇಡಿರೆಂದು ಹೇಳಿಸುತ್ತೇನೆಂದರು.

ಇಂಗು ಹಾಕಿದರೆ ಮೈಲಿಗೆ, ಹಾಕದಿದ್ದರೆ ಅವಮಾನ. ಅತ್ತ ದರಿ ಇತ್ತ ಪುಲಿ. ಅಣ್ಣಪ್ಪಯ್ಯ ಬೇರೆ ಹೆಗಲ ಪಂಚೆ ಕೊಡವಿ, ಇಂಗಿಲ್ಲದೆ ಮದುವೆ ಅಡುಗೆ ಮಾಡಿ ತನ್ನ ಹೆಸರು ಕೆಡಿಸಿಕೊಳ್ಳಲು ತಾನು ತಯಾರಿಲ್ಲ ಎಂದು ಜಗಲಿಯ ತುದಿಯಲ್ಲಿ ಕುಳಿತ. ನಾನು ಕಂಬ ಹಿಡಿದು ನಿಂತಿದ್ದೆ. ಆಗ ಪದ್ದತ್ತೆ ಬಾಗಿಲ ಮರೆಗೆ ಬಂದು ನಿಂತಳು. ಗಂಡಸರ ನಡುವೆ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿದ್ದಿಲ್ಲ.

"ಹೇರ್ಳೇರೇ, ಒಂದ್ ಮಾತ್ ಕೇಣ್ತೆ. ನಿಮ್ಮನಿಯಗೆ ಇಂಗ್ ಎಂತದ್ರಗೆ ಇತ್ತ್?"

"ಡಬ್ಬಿಯಗೆ."

"ಡಬ್ಬಿಗ್ ಬಪ್ಪುಕ್ ಮುಂಚೆ?"

"ಅಂಗ್ಡಿಯಗೆ. ಕಾಗ್ದದಗೆ ಕಟ್ಟಿ ಕೊಡ್ತ್ರ್."

"ಅಂಗ್ಡಿಗ್ ಬಪ್ಪುಕ್ ಮುಂಚೆ?"

ಹೇರ್ಳೆಯವರ ಕೈ ಯಾಕೋ ಸೊಂಟ ತಡವಿತು. ಲೋಕದಲ್ಲಿ ಪ್ರತಿಯೊಂದನ್ನೂ ಮಗುಚಿ ನೋಡಿದ ಮನುಷ್ಯ ಅದೊಂದನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಇನ್ನೊಂದು ಪ್ರಶ್ನೆ ಕೇಳಿದರೆ ಅವರ ಮನೆಯ ಇಷ್ಟು ವರ್ಷದ ಹುಳಿ, ಸಾರು, ತಿಥಿಮತಿಗಳ ಅಡುಗೆ ಎಲ್ಲವೂ ಒಟ್ಟಿಗೆ ಮೈಲಿಗೆಯಾಗುವುದರಲ್ಲಿತ್ತು. ಪದ್ದತ್ತೆ ಕೇಳಲಿಲ್ಲ. ಸುಮ್ಮನೆ ಒಳಗೆ ಹೋದಳು. ನಾನಾಗಿದ್ದರೆ ಖಂಡಿತ ಕೇಳಿ ಮದುವೆ ಕೆಡಿಸುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ನಾಗು ಒಂದು ಲೋಟ ಮಜ್ಜಿಗೆ ತಂದು ಅವರ ಮುಂದಿಟ್ಟಳು. ಕಣ್ಣು ಕೆಂಪಾಗಿತ್ತು. "ಬಿಸ್ಲ್ ಜೋರ್ ಇತ್ತ್, ಕುಡೀನಿ," ಎಂದಳು. ಹೇರ್ಳೆಯವರು ಅವಳ ಮುಖವನ್ನು ನೋಡಿದರು. ಲೋಟವನ್ನು ಎತ್ತಿ, ಮೂಸದೆ, ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟರು. ನಾನು ಕಂಬವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಆಮೇಲೆ ಅವರು ಸೊಂಟದಿಂದ ಒಂದು ಪುಟ್ಟ ಹಿತ್ತಾಳೆಯ ಡಬ್ಬಿ ತೆಗೆದರು. ಪರರ ಮನೆಯ ಇಂಗನ್ನು ನಂಬದ ಅವರು ತಮ್ಮದನ್ನು ಎಲ್ಲಿಗೆ ಹೋದರೂ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಅಣ್ಣಪ್ಪಯ್ಯನನ್ನು ಕರೆದು, "ಇದ್ ನಮ್ಮನಿ ಇಂಗ್. ನಾಳೆ ಇದನ್ನ್ ಹಾಕಿ ಅಡ್ಗಿ ಮಾಡಿ," ಎಂದರು. ಅಣ್ಣಪ್ಪಯ್ಯ ಡಬ್ಬಿ ತೆರೆದು ನೋಡಿದ. ಒಂದು ಸುಂಡೆಕಾಯಿಯಷ್ಟಿತ್ತು. ಮದುವೆಗೆ ಬರುವವರು ಪಂಕ್ತಿ ಪಂಕ್ತಿ ಜನ. ಅವನು ಇಂಗನ್ನು ನೋಡಿದ, ಹೇರ್ಳೆಯವರನ್ನು ನೋಡಿದ, ನನ್ನನ್ನು ನೋಡಿದ. ಮುಚ್ಚಳವನ್ನು ಮೆಲ್ಲಗೆ ಹಾಕಿದ.

ಹೇರ್ಳೆಯವರು ಎದ್ದು ಶಾಲು ಹೊದ್ದು, ತೆಂಗಿನ ಮರದ ತುದಿ ನೋಡುತ್ತ ಹೇಳಿದರು: "ಸಾಕಾ, ಸಾಲ್ದಾ ಅಂಬ್ದ್ ಅಡುಗಿಯವ್ರಿಗ್ ಗೊತ್ತ್. ನಾಳೆ ನಾನ್ ಅಡುಗಿಮನಿ ಬದಿಗ್ ಬತ್ತಿಲ್ಲೆ."

ಕೊಕ್ಕರ್ಣೆಯಿಂದ ನಮ್ಮ ಹಿತ್ತಿಲಿನ ತಡಮೆಯ ವರೆಗೆ ಹುಡುಕಿಕೊಂಡು ಬಂದ ಮನುಷ್ಯ, ಹತ್ತು ಮಾರು ಆಚೆಯ ಅಡುಗೆಮನೆಗೆ ಬರುವುದಿಲ್ಲ ಎಂದರು! ನನಗೆ ಅವರ ಕಾಲು ಹಿಡಿಯೋಣ ಅನ್ನಿಸಿತು. ಕೊಡುವವರು ಹೊನ್ನು ಕೊಡಬಹುದು, ಹೆಣ್ಣು ಕೊಡಬಹುದು. ಸಂಶಯದ ಮನುಷ್ಯ ನೋಡುವುದಿಲ್ಲವೆಂಬ ಮಾತು ಕೊಟ್ಟರೆ ಅದು ಸಣ್ಣ ದಾನವಲ್ಲ. ಅದು ಎಷ್ಟು ಕಷ್ಟವೆಂದು ನನ್ನಂಥವನಿಗೆ ಗೊತ್ತು.

ಮರುದಿನ ದಿಬ್ಬಣ ಹೊಳೆ ದಾಟಿ ಬಂತು. ಧಾರೆಯಾಯಿತು. ಊಟದ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ಪರಿಮಳ ಎದ್ದು, ಚಪ್ಪರ ದಾಟಿ, ಅಂಗಳ ದಾಟಿ, ರಸ್ತೆಯಲ್ಲಿ ಹೋಗುವ ಬಸ್ಸಿನವರೂ ತಲೆ ಹೊರಗೆ ಹಾಕುವ ಹಾಗಾಯಿತು. ಪಂಕ್ತಿಯಲ್ಲಿ ಮಾತೋ ಮಾತು, ನಗೆಯೋ ನಗೆ. ಹೇರ್ಳೆಯವರು ಹುಳಿಯನ್ನು ಎರಡು ಸಲ ಹಾಕಿಸಿಕೊಂಡು, ಪಕ್ಕದವರಿಗೆ ಕೇಳುವ ಹಾಗೆ, "ಶುದ್ಧ ಇಂಗ್ ಅಂದ್ರೆ ಹೀಂಗೇ ಕಾಣಿ, ಒಂದ್ ಚೂರ್ ಸಾಕ್, ಊರಿಗೆಲ್ಲ ಆತ್," ಎಂದರು. ಬಡಿಸುತ್ತಿದ್ದ ಅಣ್ಣಪ್ಪಯ್ಯ ತಲೆಯೆತ್ತಲಿಲ್ಲ. ನನ್ನ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂದಿತ್ತು. ಹುಟ್ಟಿದ ಮೇಲೆ ಮೊದಲ ಸಲ ಅದನ್ನು ಅನ್ನದ ಜೊತೆ ನುಂಗಿದೆ.

ಸಾಯಂಕಾಲ ದಿಬ್ಬಣ ಹೊರಟಿತು. ನಾಗು ಪದ್ದತ್ತೆಯ ಕಾಲು ಮುಟ್ಟಿ ಎದ್ದಾಗ, ಅದುವರೆಗೆ ಹಿಡಿದಿಟ್ಟಿದ್ದ ಅಳು ಇಬ್ಬರಿಗೂ ಒಟ್ಟಿಗೆ ಬಂತು. ನಾನು ಮುಖ ತಿರುಗಿಸಿ ಕೊಟ್ಟಿಗೆಯ ಕಡೆ ಹೋದೆ. ಹಿಂದೆಯೇ ಹೆಜ್ಜೆಯ ಸಪ್ಪಳ ಕೇಳಿಸಿತು. ಹೇರ್ಳೆಯವರು! ಇನ್ನೇನು ತೆಗೆದರೋ ಎಂದುಕೊಂಡೆ. ಅವರು ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಖಾಲಿಯಾದ ಹಿತ್ತಾಳೆ ಡಬ್ಬಿಯನ್ನು ನನ್ನ ಮುಂದೆ ಹಿಡಿದರು.

"ಅದ್... ಉಳ್ದಿತ್ತಾ?"

ಉಳಿದಿತ್ತು. ಕೊಟ್ಟಿಗೆಯ ಮಾಡಿನಲ್ಲೇ ಇತ್ತು. ಚರ್ಮದಿಂದ ಬಿಡಿಸಿದ್ದನ್ನು ಪದ್ದತ್ತೆ ಆಗಲೇ ಬಾಳೆಲೆಯಲ್ಲಿ ಸುತ್ತಿ, ಮೇಲೆ ಬತ್ತದ ಹುಲ್ಲು ಬಿಗಿದು, ಅಕ್ಕಿಯದೇ ಒಂದು ಮರಿಮುಡಿಯೋ ಎನ್ನುವ ಹಾಗೆ ಕಟ್ಟಿಟ್ಟಿದ್ದಳು. ಖೊರಾಸಾನಿನ ಗುಡ್ಡದ್ದು ಈಗ ನೋಡುವವರಿಗೆ ನಮ್ಮ ಗದ್ದೆಯಲ್ಲೇ ಬೆಳೆದ ಹಾಗಿತ್ತು. ನಾನು ಅದರ ಬಾಯಿ ಬಿಚ್ಚಿ ಅವರ ಡಬ್ಬಿ ತುಂಬಿಸಿದೆ, ಉಳಿದದ್ದನ್ನು ಮುಡಿಯ ಸಮೇತ ಅವರ ಕೈಗೇ ಕೊಟ್ಟೆ. ಅವರು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಆಮೇಲೆ ಅವರ ಹುಬ್ಬು ಮೆಲ್ಲಗೆ ಮೇಲೇರಿತು. ಆ ಹುಬ್ಬಿನ ಗುರುತು ನನಗಿತ್ತು.

"ಇದ್ಕೆ ನಡುಗೆ ಯಾರೂ ಹಿಟ್ಟ್‌ಗಿಟ್ಟ್ ಬೆರ್ಸಿದಿಲ್ಲೆ ಅಲ್ದಾ?"

"ಇಲ್ಲ. ಬಿಚ್ಚದ ಗಂಟು. ನಾನೇ ಬಿಚ್ಚಿದ್ದು."

"ಚರ್ಮದಗೇ ಬಂದದ್ದಾ?"

"ಚರ್ಮದಲ್ಲೇ ಬಂದದ್ದು. ನೀವೇ ನೋಡಿದ್ದೀರಲ್ಲ!"

"ರೋಮ ಇತ್ತ್, ಅಲ್ದಾ?"

"ಇತ್ತು."

"ಹಾಂಗಾರೆ ಅಡ್ಡಿಲ್ಲೆ," ಎಂದು ಹೇರ್ಳೆಯವರು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮುಡಿಯನ್ನು ಶಾಲಿನೊಳಗೆ ಅಡಗಿಸಿಕೊಂಡು, ನನ್ನ ತಂಗಿಯನ್ನು ಕರೆದುಕೊಂಡು ಹೋದರು.